ತೋಟ, ಬೆಟ್ಟ, ಗಜನಿ: ಹೊಸ ಪ್ರಯೋಗಕ್ಕೆ ಹಣ ಎಲ್ಲಿಂದ?

ಪ್ರಶ್ನೆ: ಶಿರಸಿ ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ಅಡಿಕೆ ತೋಟ, ಅದಕ್ಕೆ ಹೊಂದಿದ ಏಳು ಎಕರೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು). ಹೆಂಡತಿಯ ತವರಿನಿಂದ ಕುಮಟಾದ ಗಜನಿಯಲ್ಲೂ (ಅಳಿವೆಯಂಚಿನ ಉಪ್ಪುನೀರಿನ ಗದ್ದೆ) ಸ್ವಲ್ಪ ಪಾಲು ಬಂದಿದೆ. ಅಮೆರಿಕದಲ್ಲಿ ರೈತರ ಜಮೀನಿನಲ್ಲೇ ಮಣ್ಣು, ನೀರು, ಕಾಡು ಉಳಿಸುವ ಹೊಸ ಪ್ರಯೋಗಗಳಿಗೆ ಸರ್ಕಾರ ಅನುದಾನ ಕೊಡುತ್ತದೆ ಎಂದು ಓದಿದೆ. ನನ್ನ ತಲೆಯಲ್ಲೂ ಮೂರು ಯೋಚನೆ ಇವೆ: ಅಡಿಕೆ ಬೇಯಿಸಲು ಕಡಿಮೆ ಕಟ್ಟಿಗೆ ಸಾಕಾಗುವ ಒಲೆ, ಬೆಟ್ಟದಲ್ಲಿ ನೀರಿಂಗಿಸಿ ಹಳೆಯ ಮರಗಳನ್ನು ಮತ್ತೆ ಬೆಳೆಸುವುದು, ಗಜನಿಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಉಳಿಸಿಕೊಳ್ಳುವುದು. ಇಲ್ಲಿ ಇಂಥದ್ದಕ್ಕೆ ಯಾರು ಹಣ ಕೊಡುತ್ತಾರೆ? ಅರ್ಜಿ ಹೇಗೆ ಬರೆಯಬೇಕು?

ಉತ್ತರ: ನೀವು ಓದಿರುವುದು ಬಹುಶಃ ಅಮೆರಿಕದ ಕೃಷಿ ಇಲಾಖೆಯ ‘ಕನ್ಸರ್ವೇಶನ್ ಇನೊವೇಶನ್ ಗ್ರಾಂಟ್ಸ್’ ಬಗ್ಗೆ. 2002ರ ಅವರ ಕೃಷಿ ಕಾಯ್ದೆಯಲ್ಲಿ ಅದು ಹುಟ್ಟಿತು. 2018ರ ಕಾಯ್ದೆಯಲ್ಲಿ ರೈತರ ಹೊಲದಲ್ಲೇ ನಡೆಯುವ ಪ್ರಯೋಗಗಳಿಗೆ ಪ್ರತ್ಯೇಕ ಹಣ ಸೇರಿತು. ಆ ಹಣ ಆ ದೇಶದ ಜಮೀನಿಗೆ ಮಾತ್ರ, ಶಿರಸಿಯಿಂದ ಅರ್ಜಿ ಹಾಕಲು ಬರುವುದಿಲ್ಲ. ಆದರೆ ಅದರ ರಚನೆಯನ್ನು ಗಮನವಿಟ್ಟು ನೋಡಿ, ನಿಮ್ಮ ಅರ್ಜಿಗೆ ಅಲ್ಲಿಂದ ಎರಡು ಪಾಠ ಸಿಗುತ್ತವೆ. ಮೊದಲನೆಯದು, ಅವರು ಮೂಲ ಸಂಶೋಧನೆಗೆ ಹಣ ಕೊಡುವುದಿಲ್ಲ. ಒಂದು ಮಟ್ಟಕ್ಕೆ ಪರೀಕ್ಷೆಯಾಗಿ, ಇನ್ನೂ ರೈತರ ರೂಢಿಗೆ ಬಾರದ ಕ್ರಮಕ್ಕೆ ಕೊಡುತ್ತಾರೆ. ಎರಡನೆಯದು, ಹೊಲದಲ್ಲಿ ನಡೆಯುವ ಪ್ರಯೋಗದಲ್ಲಿ ಹೊಸ ಕ್ರಮ ಅನುಸರಿಸುವ ರೈತನಿಗೆ ಆಗಬಹುದಾದ ನಷ್ಟಕ್ಕೂ ದುಡ್ಡು ಇಡುತ್ತಾರೆ, ಮತ್ತು ಫಲಿತಾಂಶ ಅಳೆದು ಕೊಡಲೇಬೇಕು. ನಮ್ಮ ಕಡೆಯ ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಈ ಅಳತೆಯ ಜಾಗದಲ್ಲೇ.

ನಮ್ಮಲ್ಲಿ ಅಂಥ ಒಂದೇ ಕಿಟಕಿ ಇಲ್ಲ. ಹಾಗೆಂದು ಹಣ ಇಲ್ಲವೆಂದಲ್ಲ, ಅದು ಹತ್ತು ಕಡೆ ಹಂಚಿಕೊಂಡಿದೆ. ಯಾವ ಬಾಗಿಲು ತಟ್ಟಬೇಕು ಎಂಬುದನ್ನು ತೀರ್ಮಾನಿಸುವುದು ನಿಮ್ಮ ಯೋಚನೆ ಎಷ್ಟು ಚೆನ್ನಾಗಿದೆ ಎಂಬುದಲ್ಲ, ಅದು ನಡೆಯುವ ಜಮೀನು ಯಾರದು ಎಂಬುದು. ನಿಮ್ಮ ಒಂದೇ ಮನೆಯಲ್ಲಿ ಮೂರು ಬಗೆಯ ಭೂಮಿ ಇದೆ. ತೋಟ ಮಾಲ್ಕಿ, ಅಂದರೆ ನಿಮ್ಮ ಸ್ವಂತದ್ದು. ಬೆಟ್ಟದಲ್ಲಿ ನಿಮಗಿರುವುದು ಸೊಪ್ಪು, ದರಕು (ಒಣಗಿ ಉದುರಿದ ಎಲೆ) ತರುವ ಸವಲತ್ತು, ಭೂಮಿ ಸರ್ಕಾರದ್ದು. ಗಜನಿಯಲ್ಲಿ ಪಾಲು ನಿಮ್ಮದಾದರೂ ಒಡ್ಡು, ನೀರು, ಜಂತ್ರಡಿ (ನೀರು ಬಿಡುವ, ತಡೆಯುವ ಹಲಗೆಯ ಬಾಗಿಲು) ಎಲ್ಲರದ್ದು. ಈ ಮೂರನ್ನೂ ಒಂದೇ ಕಾಗದದಲ್ಲಿ ಹಾಕಿ ‘ಸಮಗ್ರ ಯೋಜನೆ’ ಎಂದು ಕೊಟ್ಟರೆ ಪ್ರತಿ ಕಚೇರಿಯೂ ಇನ್ನೊಂದು ಕಚೇರಿಯತ್ತ ಬೊಟ್ಟು ಮಾಡುತ್ತದೆ. ಮೂರು ಬೇರೆ ಅರ್ಜಿ ಮಾಡಿ.

ಒಲೆಯಿಂದ ಶುರು ಮಾಡೋಣ. ಮೂರರಲ್ಲಿ ಬೇಗ ಹಣ ಸಿಗುವ ಸಾಧ್ಯತೆ ಇರುವುದು ಇದಕ್ಕೆ, ಯಾಕೆಂದರೆ ಭೂಮಿಯ ತಕರಾರು ಇಲ್ಲ, ಒಂದು ಸುಗ್ಗಿಯಲ್ಲೇ ಫಲಿತಾಂಶ ಕಾಣುತ್ತದೆ. ಕೆಂಪಡಿಕೆ ಮಾಡುವ ಊರುಗಳಲ್ಲಿ ಬೆಟ್ಟದ ಮೇಲಿನ ದೊಡ್ಡ ಒತ್ತಡಗಳಲ್ಲಿ ಅಡಿಕೆ ಹಂಡೆಯೂ ಒಂದು. ಹಾಗಾಗಿ ಒಲೆಯನ್ನು ‘ಅಡುಗೆಮನೆ ಸುಧಾರಣೆ’ ಎಂದು ಬರೆಯಬೇಡಿ, ‘ಬೆಟ್ಟದಿಂದ ಬರುವ ಕಟ್ಟಿಗೆ ಕಡಿಮೆ ಮಾಡುವ ಪ್ರಯೋಗ’ ಎಂದೇ ಬರೆಯಿರಿ.

ಇದಕ್ಕೆ ಹೊಂದುವ ಮುಖ್ಯ ನಿಧಿ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್‌ನ ಫಾರ್ಮ್ ಸೆಕ್ಟರ್ ಪ್ರಮೋಶನ್ ಫಂಡ್. ಮೊದಲು ಎರಡು ಬೇರೆ ನಿಧಿಗಳಿದ್ದವು, ಒಂದು ಕೃಷಿ ಹೊಸತನಕ್ಕೆ, ಇನ್ನೊಂದು ತಂತ್ರಜ್ಞಾನ ವರ್ಗಾವಣೆಗೆ. 2014ರಲ್ಲಿ ಎರಡನ್ನೂ ಸೇರಿಸಿ ಇದನ್ನು ಮಾಡಿದರು. ಒಬ್ಬ ರೈತ ತನ್ನ ಮನೆಯ ಒಲೆಗೆಂದು ಇಲ್ಲಿ ಕೇಳಲು ಬರುವುದಿಲ್ಲ. ಕೃಷಿ ವಿಜ್ಞಾನ ಕೇಂದ್ರ, ವಿಶ್ವವಿದ್ಯಾಲಯ, ರೈತ ಉತ್ಪಾದಕ ಸಂಸ್ಥೆ, ಸಹಕಾರ ಸಂಘ ಅಥವಾ ನೋಂದಾಯಿತ ಸಂಸ್ಥೆ ಮುಂದೆ ನಿಲ್ಲಬೇಕು. ನಿಮಗೆ ಅನುಕೂಲ ಏನೆಂದರೆ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವೂ ಅರಣ್ಯ ಕಾಲೇಜೂ ಶಿರಸಿಯಲ್ಲೇ ಇವೆ, ಎರಡೂ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ. ಹತ್ತು ಮನೆಯವರು ಸೇರಿ ನಿಮ್ಮ ಸೇವಾ ಸಹಕಾರಿ ಸಂಘದ ಮೂಲಕ ಠರಾವು ಮಾಡಿಸಿ, ತಾಂತ್ರಿಕ ಪಾಲುದಾರರಾಗಿ ಇವೆರಡರಲ್ಲಿ ಒಂದನ್ನು ಜೊತೆಗೆ ಹಾಕಿಕೊಂಡರೆ ಅರ್ಜಿಗೆ ಕಾಲು ಬಂದಂತೆ. ನಂತರ ನಬಾರ್ಡ್‌ನ ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರನ್ನು ಕಾಣಿ. ಮೊದಲ ಸಲ ಹೋಗುವಾಗ ಐವತ್ತು ಪುಟದ ಯೋಜನಾ ವರದಿ ಹೊತ್ತುಕೊಂಡು ಹೋಗಬೇಡಿ. ಎರಡು ಪುಟದ ಟಿಪ್ಪಣಿ ಸಾಕು, ಅವರು ಹೇಳಿದ ನಮೂನೆಯಲ್ಲಿ ಆಮೇಲೆ ವಿಸ್ತರಿಸಿ.

ಆ ಎರಡು ಪುಟದಲ್ಲಿ ಅಳತೆಯ ವಿಧಾನ ಇರಲೇಬೇಕು. ಅದನ್ನು ಹೀಗೆ ಮಾಡಿ. ಪ್ರತಿ ಮನೆಯಲ್ಲಿ ಹಳೆ ಒಲೆಯನ್ನು ಒಡೆಯದೆ ಹೊಸದನ್ನು ಪಕ್ಕದಲ್ಲಿ ಕಟ್ಟಿ. ಒಂದು ಹಂಡೆ ಹಳೆಯದರಲ್ಲಿ, ಮರುದಿನದ್ದು ಹೊಸದರಲ್ಲಿ, ಹೀಗೆ ಒಂದು ಬಿಟ್ಟು ಒಂದರಂತೆ ಹತ್ತತ್ತು ಹಂಡೆ ಬೇಯಿಸಿ. ಡಿಸೆಂಬರ್ ಇಡೀ ಹಳೆ ಒಲೆ, ಜನವರಿ ಇಡೀ ಹೊಸ ಒಲೆ ಎಂದು ಮಾಡಿದರೆ ಲೆಕ್ಕ ಕೆಡುತ್ತದೆ. ಅಡಿಕೆಯ ಬಲಿತ ಪ್ರಮಾಣ ಬದಲಾಗಿರುತ್ತದೆ, ಕಟ್ಟಿಗೆಯೂ ಒಣಗಿರುತ್ತದೆ, ಉಳಿತಾಯ ಒಲೆಯದೋ ಒಣ ಕಟ್ಟಿಗೆಯದೋ ಹೇಳಲಾಗುವುದಿಲ್ಲ. ಒಂದೇ ರಾಶಿಯ ಕಟ್ಟಿಗೆ ಎರಡಕ್ಕೂ ಬಳಸಿ. ಪ್ರತಿ ಸಲ ಬರೆದಿಡಬೇಕಾದದ್ದು: ಸುಲಿದ ಹಸಿ ಅಡಿಕೆಯ ತೂಕ, ಹಂಡೆಗೆ ಹಾಕಿದ ನೀರು ಮತ್ತು ಚೊಗರು (ಹಿಂದೆ ಅಡಿಕೆ ಬೇಯಿಸಿದ ಕೆಂಪು ರಸ) ಎಷ್ಟು ಲೀಟರ್, ಬೆಂಕಿ ಹಚ್ಚುವ ಮೊದಲು ಕಟ್ಟಿಗೆಯ ತೂಕ, ಮುಗಿದ ಮೇಲೆ ಉಳಿದ ಕಟ್ಟಿಗೆ ಮತ್ತು ಇದ್ದಿಲಿನ ತೂಕ, ಕುದಿ ಬರಲು ಹಿಡಿದ ಹೊತ್ತು, ಒಟ್ಟು ಹೊತ್ತು. ಕೊನೆಗೆ ಒಂದೇ ಅಂಕಿ ಬೇಕು: 100 ಕಿಲೊ ಸುಲಿದ ಅಡಿಕೆಗೆ ಎಷ್ಟು ಕಿಲೊ ಕಟ್ಟಿಗೆ. ಜೊತೆಗೆ ಎರಡೂ ಒಲೆಯ ಅಡಿಕೆಯನ್ನು ಬೇರೆ ಬೇರೆ ಒಣಗಿಸಿ, ಬಣ್ಣವನ್ನು ವ್ಯಾಪಾರಿಗೆ ತೋರಿಸಿ ದರ ಬರೆಸಿಕೊಳ್ಳಿ. ಕಟ್ಟಿಗೆ ಅರ್ಧಕ್ಕೆ ಇಳಿದು ಅಡಿಕೆಯ ಬಣ್ಣ ಹೋದರೆ ಆ ಒಲೆಯನ್ನು ಮರುವರ್ಷ ಯಾರೂ ಉರಿಸುವುದಿಲ್ಲ.

ಉದಾಹರಣೆಗೆ ಹಳೆಯದರಲ್ಲಿ 60 ಕಿಲೊ, ಹೊಸದರಲ್ಲಿ 40 ಕಿಲೊ ಬಂತು ಎಂದಿಟ್ಟುಕೊಳ್ಳಿ. ವರ್ಷಕ್ಕೆ 40 ಕ್ವಿಂಟಲ್ ಸುಲಿದ ಅಡಿಕೆ ಬೇಯಿಸುವ ಮನೆಗೆ 800 ಕಿಲೊ ಉಳಿತಾಯ, ಹತ್ತು ಮನೆಗೆ ಎಂಟು ಟನ್. ಈ ಒಂದು ಸಾಲು ಅರ್ಜಿಯ ಬೇರೆಲ್ಲ ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಒಲೆ ಎಲ್ಲಿ ಕೆಡುತ್ತದೆ ಎಂಬುದೂ ಅರ್ಜಿಯಲ್ಲಿ ಬರಲಿ, ಪರಿಶೀಲಿಸುವವರಿಗೆ ನಿಮಗೆ ವಿಷಯ ಗೊತ್ತಿದೆ ಎಂಬ ನಂಬಿಕೆ ಬರುವುದು ಅಲ್ಲಿ. ಹಂಡೆಗೂ ಒಲೆಯ ಒಳಗೋಡೆಗೂ ನಡುವಿನ ಸಂದು ಎರಡರಿಂದ ಮೂರು ಸೆಂಟಿಮೀಟರ್‌ಗಿಂತ ಹೆಚ್ಚಾದರೆ ಬಿಸಿ ಗಾಳಿ ಹಂಡೆಗೆ ತಾಗದೆ ಹೊಗೆಕೊಳವೆಗೆ ಓಡುತ್ತದೆ. ಕಡಿಮೆಯಾದರೆ ಉಸಿರು ಕಟ್ಟಿ ಹೊಗೆ ಬಾಯಿಯಿಂದಲೇ ಬರುತ್ತದೆ. ಜಾಲರಿ ಇಲ್ಲದೆ ಕಟ್ಟಿಗೆ ನೆಲದ ಮೇಲೆ ಉರಿದರೆ ಕೆಳಗಿನಿಂದ ಗಾಳಿ ಸಿಗದೆ ಇದ್ದಿಲು ಉಳಿಯುತ್ತದೆ. ತೆಳು ಸರಳಿನ ಜಾಲರಿ ಒಂದೆರಡು ಸುಗ್ಗಿಗೆ ಬಾಗುತ್ತದೆ, ಎರಕದ್ದೇ ಬರೆಯಿರಿ. ಹೊಗೆಕೊಳವೆಗೆ ತೆರೆದು ಮುಚ್ಚುವ ತಗಡು ಇಲ್ಲದಿದ್ದರೆ ಕುದಿ ಬಂದ ಮೇಲೂ ಎಳೆತ ಜೋರಾಗಿಯೇ ಇದ್ದು ಕಟ್ಟಿಗೆ ಸುಮ್ಮನೆ ಹೋಗುತ್ತದೆ. ಇನ್ನು ನಮ್ಮ ಮಳೆಗಾಲ: ಮುಚ್ಚಳವಿಲ್ಲದ ತಗಡಿನ ಕೊಳವೆಯೊಳಗೆ ನಾಲ್ಕು ತಿಂಗಳು ನೀರು ಇಳಿದರೆ ತುಕ್ಕು ಹಿಡಿಯುವುದಷ್ಟೇ ಅಲ್ಲ, ಒಲೆಯ ಮಣ್ಣೂ ಕರಗುತ್ತದೆ.

ಬಜೆಟ್ಟಿನ ಒಂದು ಮಾದರಿ ಹೇಳುತ್ತೇನೆ, ದರ ನಿಮ್ಮೂರಿನದು ಹಾಕಿಕೊಳ್ಳಿ. ಹತ್ತು ಒಲೆ, ತಲಾ 30 ಸಾವಿರದಂತೆ 3 ಲಕ್ಷ. ತಕ್ಕಡಿ, ತೇವಾಂಶ ಅಳೆಯುವ ಸಾಧನ 25 ಸಾವಿರ. ದಿನವೂ ಅಳತೆ ಬರೆಯುವ ಹುಡುಗನಿಗೋ ಹುಡುಗಿಗೋ ನಾಲ್ಕು ತಿಂಗಳು, ತಿಂಗಳಿಗೆ 6 ಸಾವಿರದಂತೆ 24 ಸಾವಿರ. ಇಬ್ಬರು ಮೇಸ್ತ್ರಿಗಳಿಗೆ ತರಬೇತಿ 30 ಸಾವಿರ. ಊರವರಿಗೆ ತೋರಿಸುವ ಎರಡು ದಿನದ ಕಾರ್ಯಕ್ರಮ 20 ಸಾವಿರ. ಹೊರಗಿನವರ ಮೌಲ್ಯಮಾಪನ 40 ಸಾವಿರ. ಲೆಕ್ಕಪತ್ರ, ಓಡಾಟ 21 ಸಾವಿರ. ಒಟ್ಟು 4 ಲಕ್ಷ 60 ಸಾವಿರ. ಇದರಲ್ಲಿ ಮನೆಗೆ 6 ಸಾವಿರದಂತೆ ಕಲ್ಲು, ಮಣ್ಣು, ಆಳು ನಿಮ್ಮ ಪಾಲು, ಅಂದರೆ 60 ಸಾವಿರ. ಕೇಳುವುದು 4 ಲಕ್ಷ. ಹೆಚ್ಚಿನವರು ಅಳತೆ ಬರೆಯುವವರ ಸಂಬಳವನ್ನು ಬಿಟ್ಟುಬಿಡುತ್ತಾರೆ, ‘ನಾವೇ ಬರೆದುಕೊಳ್ಳುತ್ತೇವೆ’ ಎಂದು. ಕೊನೆಕೊಯ್ಲಿನ (ಅಡಿಕೆ ಗೊನೆ ಕೊಯ್ಯುವ) ಗಡಿಬಿಡಿಯಲ್ಲಿ, ರಾತ್ರಿ ಹನ್ನೊಂದಕ್ಕೆ ಹಂಡೆ ಇಳಿಸುವಾಗ, ಇದ್ದಿಲು ತೂಗುವವರು ಯಾರೂ ಇರುವುದಿಲ್ಲ. ಆ 24 ಸಾವಿರ ದಯವಿಟ್ಟು ಬಿಡಬೇಡಿ.

ಒಲೆಯ ವಿನ್ಯಾಸ ಸಂಪೂರ್ಣ ನಿಮ್ಮದೇ ಆಗಿದ್ದರೆ ಇನ್ನೊಂದು ದಾರಿ ಇದೆ, ಸಂಘದ ಹಂಗೂ ಬೇಡ. ಗಾಂಧಿನಗರದ ನ್ಯಾಷನಲ್ ಇನೊವೇಶನ್ ಫೌಂಡೇಶನ್ 2000ದಿಂದ ಹಳ್ಳಿಗರ ಸ್ವಂತ ಆವಿಷ್ಕಾರಗಳನ್ನು ಗುರುತಿಸಿ, ಪರೀಕ್ಷೆಗೆ, ಪೇಟೆಂಟಿಗೆ ನೆರವಾಗುತ್ತಿದೆ. ಎಚ್ಚರಿಕೆ ಒಂದೇ: ಪೇಟೆಂಟ್ ಬೇಕೆಂದಿದ್ದರೆ ಅರ್ಜಿ ಸಲ್ಲಿಸುವ ಮೊದಲು ವಿನ್ಯಾಸವನ್ನು ಯೂಟ್ಯೂಬಿಗೋ ಪತ್ರಿಕೆಗೋ ಕೊಡಬೇಡಿ, ಬಹಿರಂಗವಾದದ್ದು ಹೊಸದಾಗಿ ಉಳಿಯುವುದಿಲ್ಲ. ಬೇಸಾಯದ ಕ್ರಮಕ್ಕೆ ಮತ್ತು ಸಾಂಪ್ರದಾಯಿಕ ಜ್ಞಾನಕ್ಕೆ ನಮ್ಮ ಕಾನೂನಿನಲ್ಲಿ ಪೇಟೆಂಟ್ ಇಲ್ಲ. ಒಲೆಗೆ ಕೇಳಬಹುದು, ಸೊಪ್ಪು ಹಾಕುವ ವಿಧಾನಕ್ಕೆ ಕೇಳಲಾಗದು.

ತೋಟದ ಮಿಕ್ಕ ಕೆಲಸಕ್ಕೆ ‘ಹೊಸತನ’ದ ನಿಧಿ ಹುಡುಕಿ ದಣಿಯಬೇಡಿ, ಮಾಮೂಲಿ ಯೋಜನೆಗಳೇ ಸಾಕು. ಹನಿ ನೀರಾವರಿಗೆ ರಾಜ್ಯದಲ್ಲಿ ಸಹಾಯಧನವಿದೆ. ಮಾಲ್ಕಿ ಬೇಣದಲ್ಲೋ (ಹುಲ್ಲುಗಾವಲಿನಲ್ಲಿ) ತೋಟದ ಅಂಚಿನಲ್ಲೋ ಮರ ನೆಡುವುದಾದರೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ಇಲಾಖೆಯ ನರ್ಸರಿಯಿಂದ ರಿಯಾಯಿತಿಯಲ್ಲಿ ಸಸಿ ಒಯ್ದು ನೆಟ್ಟರೆ, ಬದುಕಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ. ಹಣ ನೆಟ್ಟದ್ದಕ್ಕಲ್ಲ, ಬದುಕಿದ್ದಕ್ಕೆ. ಆದ್ದರಿಂದ ಐನೂರು ತಂದು ಇನ್ನೂರು ಉಳಿಸುವ ಬದಲು ಇನ್ನೂರೈವತ್ತು ತಂದು ಬೇಲಿ ಕಟ್ಟಿ. ಸಸಿ ಒಯ್ದ ರಸೀದಿ ಕಳೆದರೆ ಮೂರು ವರ್ಷದ ಹಣವೂ ಹೋಯಿತೆಂದೇ ತಿಳಿಯಿರಿ.

ಈಗ ಬೆಟ್ಟ. ಹೆಚ್ಚಿನ ತಪ್ಪು ನಡೆಯುವುದು ಇಲ್ಲೇ. ಪಹಣಿಯಲ್ಲಿ ನಿಮ್ಮ ತೋಟಕ್ಕೆ ಹೊಂದಿಸಿ ಬೆಟ್ಟದ ಸರ್ವೆ ನಂಬರ್ ಕಂಡರೂ ಅದನ್ನು ‘ನನ್ನ ಏಳು ಎಕರೆ’ ಎಂದು ಅರ್ಜಿಯಲ್ಲಿ ಬರೆಯಬೇಡಿ. ಮಾಲ್ಕಿ ಜಮೀನಿನ ಯೋಜನೆಗೆ ಬೆಟ್ಟ ತೋರಿಸಿದರೆ ಪರಿಶೀಲನೆಯಲ್ಲಿ ಬೀಳುತ್ತದೆ. ಹಣ ಬಂದ ಮೇಲೆ ಗೊತ್ತಾದರೆ ವಾಪಸು ಕಟ್ಟಬೇಕು. ಬೆಟ್ಟಕ್ಕೆ ಅನುಮತಿಯಿಲ್ಲದೆ ಜೆಸಿಬಿ ಇಳಿಸಿದರೆ ಅರಣ್ಯ ಪ್ರಕರಣವೇ ಆಗುತ್ತದೆ. ನೀವು ಮಾಡುತ್ತಿರುವುದು ಒಳ್ಳೆಯ ಕೆಲಸ ಎಂಬುದು ಆಗ ಉತ್ತರವಾಗುವುದಿಲ್ಲ.

ಬೆಟ್ಟದ ಹಣ ಸಮುದಾಯದ ಮೂಲಕವೇ ಬರಬೇಕು. ಎರಡು ದಾರಿ. ಒಂದು, ಗ್ರಾಮ ಅರಣ್ಯ ಸಮಿತಿ. ಜಂಟಿ ಅರಣ್ಯ ನಿರ್ವಹಣೆಗೆ ರಾಜ್ಯದಲ್ಲಿ 1993ರಲ್ಲಿ ಆದೇಶವಾದ ಮೇಲೆ ಬೆಳೆದ ಸಮಿತಿಗಳಲ್ಲಿ ನಮ್ಮ ಜಿಲ್ಲೆಯ ಪಾಲು ದೊಡ್ಡದು. ಕೆಲವು ಈಗ ಮಲಗಿವೆ, ಆದರೆ ಖಾತೆಯಲ್ಲಿ ಹಣ ಉಳಿದಿರುವುದೂ ಉಂಟು. ನಿಮ್ಮೂರಿನ ಸಮಿತಿಯ ಪಾಸ್‌ಬುಕ್ ಮೊದಲು ನೋಡಿ. ಇನ್ನೊಂದು, ಗ್ರಾಮ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಮಿನಲ್ಲಿ ಈ ಸಮಿತಿಯನ್ನೂ 43ರಲ್ಲಿ ಸ್ಥಳೀಯ ಜೀವವೈವಿಧ್ಯ ನಿಧಿಯನ್ನೂ ಹೇಳಿದೆ. ಊರಿನ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮ ಬೆಟ್ಟದ ಉಪ್ಪಾಗೆ, ಮುರುಗಲು, ವಾಟೆ, ರಾಮಪತ್ರೆ, ಅಪ್ಪೆಮಿಡಿ ಮರಗಳು ಸೇರಿವೆಯೇ ನೋಡಿ. ಇಲ್ಲದಿದ್ದರೆ ಸೇರಿಸಿ, ಆಮೇಲೆ ‘ದಾಖಲಾದ ಈ ತಳಿಗಳ ಪುನಶ್ಚೇತನ’ ಎಂದು ಯೋಜನೆ ಬರೆಯಿರಿ. ಮಣ್ಣಿನ ಕೆಲಸದ ಕೂಲಿಗೆ ಉದ್ಯೋಗ ಖಾತ್ರಿಯಡಿ ಪಂಚಾಯತಿಯ ವಾರ್ಷಿಕ ಕ್ರಿಯಾಯೋಜನೆಯಲ್ಲಿ ಕಾಮಗಾರಿ ಸೇರಬೇಕು. ನಿಯಮವೂ ಕೂಲಿ ದರವೂ ಬದಲಾಗುತ್ತಿರುವುದರಿಂದ ಅಂದಾಜುಪಟ್ಟಿ ಮಾಡುವ ದಿನದ ದರವನ್ನೇ ಹಾಕಿಸಿ. ಅರಣ್ಯ ಇಲಾಖೆಯ ಬರಹದ ಒಪ್ಪಿಗೆ ಎರಡೂ ದಾರಿಗೆ ಬೇಕೇ ಬೇಕು. ‘ಆರ್‌ಎಫ್‌ಓ ಸಾಹೇಬರು ಆಗಲಿ ಎಂದಿದ್ದಾರೆ’ ಎಂಬುದು ಅವರ ವರ್ಗಾವಣೆಯವರೆಗೆ ಮಾತ್ರ ನಡೆಯುತ್ತದೆ.

ಇಂಗುಗುಂಡಿಯ ಲೆಕ್ಕ ಸುಲಭ. ಎರಡು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಗುಂಡಿ ಒಮ್ಮೆ ತುಂಬಿದರೆ 500 ಲೀಟರ್. ನೂರು ಗುಂಡಿಗೆ 50 ಸಾವಿರ ಲೀಟರ್. ನಮ್ಮ ಮಳೆಯಲ್ಲಿ ಅವು ಎಷ್ಟೋ ಸಲ ತುಂಬಿ ಇಂಗುತ್ತವೆ. ಸಮಪಾತಳಿಯ ಗೆರೆಯನ್ನು ಕಣ್ಣಳತೆಯಲ್ಲಿ ಹಾಕಬೇಡಿ, ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿಸಿ ಮಟ್ಟ ಹಿಡಿಯಿರಿ. ಗುಂಡಿ ಒಂದು ಕಡೆ ವಾಲಿದರೆ ನೀರು ಇಂಗುವ ಬದಲು ಆ ಮೂಲೆಯಿಂದ ಕೊರೆದು ಕೊರಕಲು ಮಾಡುತ್ತದೆ. ಸಾಲಿನ ಮೇಲೆ ಸಾಲು ಬರುವಾಗ ಮೇಲಿನ ಎರಡು ಗುಂಡಿಯ ನಡುವಿನ ಜಾಗಕ್ಕೆ ಕೆಳಗಿನ ಗುಂಡಿ ಬರಲಿ. ತೆಗೆದ ಮಣ್ಣು ಕೆಳಬದಿಯಲ್ಲಿ, ಸಸಿ ಆ ಮಣ್ಣಿನ ಅಂಚಿನಲ್ಲಿ. ಮರದ ಬುಡದಿಂದ ಎರಡು ಮೀಟರ್ ಒಳಗೆ ಅಗೆಯಬೇಡಿ, ಬೇರು ಕಡಿದ ಮತ್ತಿ, ಹೊನ್ನೆ ಮರಗಳು ನಿಧಾನವಾಗಿ ಒಣಗುತ್ತವೆ, ಕಾರಣ ಆಗ ಯಾರಿಗೂ ನೆನಪಿರುವುದಿಲ್ಲ.

ಇಳಿಜಾರಿನ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳಲೇಬೇಕು. ಹತ್ತು ಮೀಟರ್ ದೂರಕ್ಕೆ ಮೂರು ಮೀಟರ್‌ಗಿಂತ ಹೆಚ್ಚು ಇಳಿಯುವ ಜಾಗದಲ್ಲಿ, ಅದರಲ್ಲೂ ಕೆಳಗೆ ಮನೆ, ಕೊಟ್ಟಿಗೆ, ರಸ್ತೆ ಇದ್ದರೆ, ಗುಂಡಿ ತೋಡಬೇಡಿ. ಯಲ್ಲಾಪುರದ ಕಳಚೆಯಲ್ಲಿ 2021ರ ಜುಲೈನಲ್ಲಿ, ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದದ್ದನ್ನು ಈ ಜಿಲ್ಲೆ ಮರೆಯುವಂತಿಲ್ಲ. ಪ್ರತಿ ಕುಸಿತಕ್ಕೂ ಅದರದೇ ಕಾರಣಗಳಿರುತ್ತವೆ. ಆದರೆ ಆಳದ ಮಣ್ಣಿನ ಕಡಿದಾದ ಇಳಿಜಾರಿಗೆ ಮತ್ತಷ್ಟು ನೀರು ಕುಡಿಸುವುದು ಸಂರಕ್ಷಣೆಯಲ್ಲ. ಅಂಥ ಕಡೆ ಗುಂಡಿ ಬಿಟ್ಟು ದರಕು ಪೂರ್ತಿ ಬಾಚದೆ ಉಳಿಸುವುದು, ಹುಲ್ಲು ಮತ್ತು ಪೊದೆ ಬರಲು ಬಿಡುವುದು, ಬೆಂಕಿ ಬೀಳದಂತೆ ನೋಡಿಕೊಳ್ಳುವುದು ಸಾಕು. ದುಡ್ಡೂ ಕಡಿಮೆ. ಯಾವ ಭಾಗದಲ್ಲಿ ಏನು ಮಾಡುತ್ತೀರಿ ಎಂದು ನಕ್ಷೆಯಲ್ಲಿ ಬಣ್ಣ ಹಚ್ಚಿ ಅರ್ಜಿಗೆ ಲಗತ್ತಿಸಿ.

ಬೆಟ್ಟದ ಫಲಿತಾಂಶವನ್ನು ಅಳೆಯುವ ಕೋಲು ನಿಮ್ಮ ಬಾವಿ. ಫೆಬ್ರುವರಿಯಿಂದ ಮೇ ಕೊನೆಯವರೆಗೆ ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಪಂಪ್ ಹಾಕುವ ಮೊದಲು, ಕಟ್ಟೆಯಿಂದ ನೀರಿನವರೆಗಿನ ಆಳ ಬರೆಯಿರಿ. ಗುಂಡಿ ತೋಡುವ ಮೊದಲಿನ ಒಂದು ಬೇಸಿಗೆಯ ಲೆಕ್ಕ ಇರಬೇಕು. ಗುಂಡಿಗಳ ಪ್ರಭಾವ ತಾಗದ ಇನ್ನೊಂದು ಬಾವಿಯ ಲೆಕ್ಕವೂ ಜೊತೆಗೆ ಬೇಕು, ಇಲ್ಲದಿದ್ದರೆ ಆ ವರ್ಷ ಏಪ್ರಿಲ್‌ನಲ್ಲಿ ಬಿದ್ದ ಅಡ್ಡಮಳೆಯ ಪುಣ್ಯವೆಲ್ಲ ನಿಮ್ಮ ಗುಂಡಿಗೆ ಬರುತ್ತದೆ. ಸಸಿಗಳನ್ನು ಎಣಿಸುವುದು ಮೇ ಕೊನೆಗೆ. ನವೆಂಬರ್‌ನಲ್ಲಿ ಎಲ್ಲವೂ ಹಸಿರಾಗಿಯೇ ಕಾಣುತ್ತವೆ.

ಗಜನಿಯ ಮಾತು ಬೇರೆ. ನಿಮ್ಮ ಪಾಲಿನಲ್ಲಿ ಮಾತ್ರ ಕಗ್ಗ ಹಾಕುತ್ತೇನೆ ಎಂದರೆ ಆಗುವುದಿಲ್ಲ, ಯಾಕೆಂದರೆ ಒಡ್ಡಿನೊಳಗೆ ನೀರು ಒಂದೇ. ಮಳೆಗಾಲದ ಮೊದಲ ನೀರಿನಲ್ಲಿ ಉಪ್ಪು ತೊಳೆದುಹೋಗಬೇಕು, ಜಂತ್ರಡಿ ಆಗ ಇಳಿತದಲ್ಲಿ ನೀರು ಬಿಡುವಂತೆಯೂ ಉಬ್ಬರದಲ್ಲಿ ತಡೆಯುವಂತೆಯೂ ಕೆಲಸ ಮಾಡಬೇಕು. ಸಿಗಡಿಗೆಂದು ಉಪ್ಪುನೀರನ್ನು ಬೇಸಿಗೆ ಮೀರಿ ಹಿಡಿದಿಟ್ಟರೆ, ಹಲಗೆ ಕೊಳೆತು ಸೋರಿದರೆ, ಉಪ್ಪು ತಡೆಯುವ ಕಗ್ಗವೂ ಮೊಳಕೆಯಲ್ಲೇ ಸೋಲುತ್ತದೆ. ಹಾಗಾಗಿ ಇಲ್ಲಿ ಹಣಕ್ಕಿಂತ ಮೊದಲು ಬೇಕಾದದ್ದು ಗಜನಿ ಪಾಲುದಾರರೆಲ್ಲರ ಸಹಿ ಇರುವ ಒಂದು ಒಪ್ಪಂದ: ಜಂತ್ರಡಿ ಯಾವ ತಾರೀಖಿಗೆ ಯಾರ ಕೈಗೆ, ಸಿಗಡಿ ಹರಾಜಿನ ಹಣದಲ್ಲಿ ಒಡ್ಡಿನ ದುರಸ್ತಿಗೆ ಎಷ್ಟು ಪಾಲು. ಇದಿಲ್ಲದ ಅರ್ಜಿಗೆ ಹಣ ಬಂದರೆ ಜಗಳ ಹೆಚ್ಚುತ್ತದೆ ಅಷ್ಟೇ.

ಒಡ್ಡಿನ ದೊಡ್ಡ ಕೆಲಸ ಸಣ್ಣ ನೀರಾವರಿ ಇಲಾಖೆಯ ಖಾರ್‌ಲ್ಯಾಂಡ್ (ಉಪ್ಪುನೀರು ತಡೆಯುವ) ಕಾಮಗಾರಿಯಲ್ಲಿ ಬರುವಂಥದ್ದು, ಲಕ್ಷಗಳಲ್ಲಿ ನೀವು ಮಾಡುವುದಲ್ಲ. ನೀವು ಕೇಳಬಹುದಾದದ್ದು ತಳಿಯ ಭಾಗಕ್ಕೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತರ ತಳಿಯನ್ನು ಶುಲ್ಕವಿಲ್ಲದೆ ನೋಂದಾಯಿಸಬಹುದು. ಅದೇ ಪ್ರಾಧಿಕಾರ ಸ್ಥಳೀಯ ತಳಿ ಉಳಿಸಿದ ಸಮುದಾಯಗಳಿಗೆ ಪ್ಲಾಂಟ್ ಜೀನೋಮ್ ಸೇವಿಯರ್ ಪ್ರಶಸ್ತಿಯಡಿ 10 ಲಕ್ಷ ರೂಪಾಯಿ ಕೊಡುತ್ತದೆ. ಇದು ಮಾಡಲಿರುವ ಕೆಲಸಕ್ಕಲ್ಲ, ಮಾಡಿದ ಕೆಲಸಕ್ಕೆ. ಎಷ್ಟು ಮನೆ, ಎಷ್ಟು ವರ್ಷದಿಂದ, ಎಷ್ಟು ಜಾಗದಲ್ಲಿ, ಬೀಜ ಯಾರಿಂದ ಯಾರಿಗೆ ಹೋಯಿತು ಎಂಬ ಪಟ್ಟಿ ಇಂದಿನಿಂದಲೇ ಇಟ್ಟರೆ ನಾಲ್ಕೈದು ವರ್ಷದಲ್ಲಿ ಅರ್ಹತೆ ತೋರಿಸುವ ಕಾಗದ ಕೈಯಲ್ಲಿರುತ್ತದೆ.

ಒಡ್ಡಿನ ಹೊರಬದಿಗೆ ಕಾಂಡ್ಲಾ (ಮ್ಯಾಂಗ್ರೋವ್) ನೆಟ್ಟು ಅಲೆಯ ಹೊಡೆತ ತಗ್ಗಿಸುವ ಯೋಚನೆಗೂ ಈಗ ಹಣದ ದಾರಿ ಇದೆ. ಕಾಂಡ್ಲಾ ಬೆಳೆಸುವ ಕೇಂದ್ರದ ಮಿಷ್ಟಿ ಯೋಜನೆ 2023ರ ಜೂನ್ 5ರಂದು ಶುರುವಾಗಿದೆ, ನಡೆಸುವುದು ಅರಣ್ಯ ಇಲಾಖೆ. ಅಘನಾಶಿನಿ ಅಳಿವೆ 2024ರಲ್ಲಿ 4,801 ಹೆಕ್ಟೇರ್ ವಿಸ್ತಾರದ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆದ ಮೇಲೆ ಈ ಪ್ರದೇಶದ ಪ್ರಸ್ತಾವಗಳಿಗೆ ತೂಕವೂ ಬಂದಿದೆ. ಎರಡು ಮಾತು ಮಾತ್ರ ಮರೆಯಬೇಡಿ. ಒಡ್ಡಿನ ಒಳಗೆ ಕಾಂಡ್ಲಾ ಬೆಳೆದರೆ ಅದು ಕರಾವಳಿ ನಿಯಂತ್ರಣ ವಲಯದ ಅತಿ ಸೂಕ್ಷ್ಮ ವರ್ಗಕ್ಕೆ ಸೇರುತ್ತದೆ, ಮುಂದೆ ಕಡಿದು ಭತ್ತ ಹಾಕುತ್ತೇನೆ ಎನ್ನಲು ಬರುವುದಿಲ್ಲ. ಮತ್ತೆ, ಬಳಚು (ಚಿಪ್ಪುಮೀನು) ಆರಿಸುವ ಕೆಸರು ಬಯಲಿನಲ್ಲಿ ಕಾಂಡ್ಲಾ ನೆಡಬೇಡಿ. ಬೇರು ಹಬ್ಬಿ ಹೂಳು ನಿಂತರೆ ಆ ಬಯಲನ್ನೇ ನಂಬಿದ ಹೆಂಗಸರ ದಿನದ ದುಡಿಮೆ ಹೋಗುತ್ತದೆ. ಜಾಗ ಆರಿಸುವ ದಿನ ಅವರನ್ನೇ ಕರೆದುಕೊಂಡು ಹೋಗಿ, ಬಳಚು ಎಲ್ಲಿ ಸಿಗುತ್ತದೆಂದು ಅವರ ಕಾಲಿಗೆ ಗೊತ್ತು.

ಕಂಪನಿಗಳ ಸಿಎಸ್‌ಆರ್ ಹಣದ ಬಗ್ಗೆ ಎಲ್ಲರೂ ಕೇಳುತ್ತಾರೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು, ಪರಿಸರವೂ ಆ ಪಟ್ಟಿಯಲ್ಲಿದೆ. ನಿಮ್ಮ ಮಾಲ್ಕಿ ತೋಟಕ್ಕೆ ಅದು ಬರುವುದಿಲ್ಲ. ಬೆಟ್ಟಕ್ಕೆ, ಊರ ಕೆರೆಗೆ, ಗಜನಿ ಒಡ್ಡಿಗೆ ಬರಬಹುದು. ಹಣ ಪಡೆಯುವ ಸಂಸ್ಥೆಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಇರಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿಯೂ ಕಡ್ಡಾಯ. ಇದಿಲ್ಲದ ಹೊಸ ಸಂಘ ಕಟ್ಟಿ ಎರಡು ವರ್ಷ ಕಾಗದ ಓಡಿಸುವುದಕ್ಕಿಂತ, ಇವೆಲ್ಲ ಇರುವ ಹಳೆಯ ಸಂಸ್ಥೆಯೊಂದರ ಜೊತೆ ಕೈಜೋಡಿಸುವುದು ಮೇಲು.

ವಿದೇಶದ ಹಣದ ಪ್ರಶ್ನೆ ನಮ್ಮ ಕಡೆ ಬೇರೆ ರೂಪದಲ್ಲಿ ಬರುತ್ತದೆ, ಹೆಚ್ಚಿನ ಮನೆಗಳಲ್ಲಿ ಮಕ್ಕಳು ಹೊರದೇಶದಲ್ಲಿದ್ದಾರೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಅನಿವಾಸಿ ತನ್ನ ಸ್ವಂತ ಗಳಿಕೆಯಿಂದ ಬ್ಯಾಂಕ್ ಮೂಲಕ ಊರಿನ ಸಂಘಕ್ಕೆ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಆತ ಅಲ್ಲಿಯ ಪೌರತ್ವ ಪಡೆದಿದ್ದರೆ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ಮೊದಲು ದೊಡ್ಡ ಸಂಸ್ಥೆಗಳು ವಿದೇಶಿ ಹಣ ಪಡೆದು ಸಣ್ಣ ಸಂಘಗಳಿಗೆ ಹಂಚುತ್ತಿದ್ದವು, 2020ರ ತಿದ್ದುಪಡಿಯಲ್ಲಿ ಅದೂ ನಿಂತಿತು. ಪಶ್ಚಿಮ ಘಟ್ಟಕ್ಕೆಂದೇ 2008ರಿಂದ ಹಲವು ವರ್ಷ ಸಣ್ಣ ದೊಡ್ಡ ಅನುದಾನ ಕೊಟ್ಟ ಅಂತರರಾಷ್ಟ್ರೀಯ ನಿಧಿಯ ಹೆಸರು ಹಳೆಯ ಪಟ್ಟಿಗಳಲ್ಲಿ ಈಗಲೂ ಸಿಗುತ್ತದೆ, ಆ ಕಾರ್ಯಕ್ರಮ ಮುಗಿದಿದೆ, ಅದಕ್ಕೆ ಅಲೆಯಬೇಡಿ. ಕಾರ್ಬನ್ ಕ್ರೆಡಿಟ್ (ಮರಗಳು ಹಿಡಿದಿಡುವ ಇಂಗಾಲದ ಮಾರಾಟ) ಎಂದು ಮನೆಬಾಗಿಲಿಗೆ ಬರುವವರ ಒಪ್ಪಂದಕ್ಕೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಬೆಟ್ಟದ ಇಂಗಾಲ ಮಾರುವ ಹಕ್ಕು ನಿಮಗಿಲ್ಲ.

ಕಾಗದಪತ್ರದಲ್ಲಿ ಅರ್ಜಿ ನಿಲ್ಲುವ ಜಾಗ ಹೆಚ್ಚಾಗಿ ಒಂದೇ: ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೋ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲೋ ಇರುತ್ತದೆ. ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿ. ಜಂಟಿಯಾಗಿದ್ದರೆ ಉಳಿದವರ ಒಪ್ಪಿಗೆ ಪತ್ರ ಬರೆಸಿ. ರಾಜ್ಯದ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆಗೆ ಎಲ್ಲ ಸರ್ವೆ ನಂಬರ್ ಸೇರಿವೆಯೇ ನೋಡಿಕೊಳ್ಳಿ. ಸಹಾಯಧನ ಬಹುಪಾಲು ಕೆಲಸ ಮುಗಿದ ಮೇಲೆ ಬರುತ್ತದೆ, ಅನುದಾನವೂ ಕಂತಿನಲ್ಲಿ. ನಡುವಿನ ತಿಂಗಳುಗಳಿಗೆ ಕೈಯಿಂದ ಹಾಕಲು ಹಣವಿಲ್ಲದೆ ನಿಂತ ಯೋಜನೆಗಳೇ ಹೆಚ್ಚು. ಸಹಕಾರ ಸಂಘಗಳಲ್ಲಿ ಶೇ 3ರ ಬಡ್ಡಿಯ ಮಧ್ಯಮಾವಧಿ, ದೀರ್ಘಾವಧಿ ಕೃಷಿ ಸಾಲದ ಮಿತಿಯನ್ನು 2023ರಲ್ಲಿ 15 ಲಕ್ಷಕ್ಕೆ ಏರಿಸಿದ್ದಾರೆ, ಮಾಲ್ಕಿ ಜಮೀನಿನ ಕೆಲಸದ ಈ ತೂತು ಮುಚ್ಚಲು ಅದನ್ನು ಕೇಳಿ.

ಕೊನೆಯದಾಗಿ ಕಾಲ. ಸರ್ಕಾರದ ವರ್ಷ ಏಪ್ರಿಲ್‌ಗೆ ಶುರು, ನಮ್ಮ ಮಣ್ಣಿನ ಕೆಲಸದ ಕಾಲ ನವೆಂಬರ್‌ನಿಂದ ಮೇ, ಅದರಲ್ಲೂ ಜನವರಿ ಮುಗಿಯುವವರೆಗೆ ಆಳುಗಳೆಲ್ಲ ಕೊನೆಕೊಯ್ಲಿನಲ್ಲಿ. ಹಣ ಮಾರ್ಚ್ ಕೊನೆಗೆ ಬಂದು ‘ಮೂವತ್ತೊಂದರೊಳಗೆ ಖರ್ಚು ತೋರಿಸಿ’ ಎಂದರೆ ಗುಂಡಿಗಳು ಕಾಗದದಲ್ಲೇ ಆಗುತ್ತವೆ. ಅದಕ್ಕೇ ಟಿಪ್ಪಣಿ ಜೂನ್–ಜುಲೈನಲ್ಲಿ ಕೊಡಿ, ಮಳೆಗಾಲದಲ್ಲಿ ಸ್ಥಳ ತೋರಿಸಿ, ಅಕ್ಟೋಬರ್ ಒಳಗೆ ಮಂಜೂರಾತಿ ಕೇಳಿ, ಕೆಲಸವನ್ನು ಫೆಬ್ರುವರಿ–ಏಪ್ರಿಲ್‌ಗೆ ಎಂದು ಅರ್ಜಿಯಲ್ಲೇ ಬರೆಯಿರಿ. ಈ ಸುಗ್ಗಿಗೆ ಹಣ ಬರುವುದಿಲ್ಲ, ಆದರೂ ಈ ಸುಗ್ಗಿ ವ್ಯರ್ಥವಲ್ಲ. ಒಂದು ತಕ್ಕಡಿ ಎರವಲು ತಂದು, ಹಳೆ ಒಲೆಯ ಹತ್ತು ಹಂಡೆಗೆ ಹೋದ ಕಟ್ಟಿಗೆಯನ್ನು ತೂಗಿ ಬರೆದಿಡಿ. ಬಾವಿಯ ಹಗ್ಗಕ್ಕೆ ಗಂಟು ಹಾಕಿ ಫೆಬ್ರುವರಿಯಿಂದ ಅಳೆಯಲು ತೊಡಗಿ. ಮುಂದಿನ ಜೂನ್‌ನಲ್ಲಿ ಅಧಿಕಾರಿಯ ಮೇಜಿನ ಮೇಲೆ ಇಡುವ ಎರಡು ಪುಟದಲ್ಲಿ ಮೊದಲ ಕೋಷ್ಟಕ ಅದೇ ಆಗಲಿ.